ವಿಜಯಪುರದ ಕಡೆ ಎರೆ ಹೊಲದಲ್ಲಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಗುರಿಯತ್ತ ಎಸೆಯುವ ಆಟ) ಆಡುತ್ತೇನೆ. ಎಷ್ಟು ಜೋರಾಗಿ ಎಸೆದರೂ ಡಿಸ್ಕ್ ಮೇಲಕ್ಕೆದ್ದು ಎಡಕ್ಕೆ ಬೀಳುವುದು ಯಾಕೆ?

ನಿಮ್ಮದು ಬಲಗೈ ಬ್ಯಾಕ್‌ಹ್ಯಾಂಡ್ ಎಸೆತ, ಅಂದರೆ ಬಲ ಭುಜ ಗುರಿಯ ಕಡೆ ಮಾಡಿ ಕೈಯನ್ನು ಎದೆಗೆ ಅಡ್ಡವಾಗಿ ಎಳೆದು ಎಸೆಯುವುದು, ಅಲ್ವಾ? ಹಾಗಿದ್ದರೆ ವೇಗ ಇಳಿದಾಗ ಡಿಸ್ಕ್ ಎಡಕ್ಕೆ ವಾಲುವುದು ಸಹಜ, ಅದನ್ನು ಬಿಡಿ. ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ಮೇಲೆದ್ದು ಬೇಗ ಬೀಳುವುದು ಬೇರೆ ಸಮಸ್ಯೆ. ಬಹಳ ಸಲ ಅದಕ್ಕೆ ಕಾರಣ ಮೈ ಹಿಂದಕ್ಕೆ ವಾಲಿ ಭಾರ ಎಡಗಾಲಲ್ಲೇ ಉಳಿಯುವುದು.

ಬೆನ್ನುಮೂಳೆಯೇ ಇಲ್ಲಿ ಅಕ್ಷ. ಕಡಗೋಲು ನೋಡಿ: ಹಗ್ಗ ಎಷ್ಟೇ ಜೋರಾಗಿ ಎಳೆದರೂ ಕೋಲು ನಿಂತಲ್ಲೇ ತಿರುಗುತ್ತದೆ. ನೀವೂ ಮೊದಲು ಬಲಗಾಲು ಊರಿ ಭಾರ ಅದರ ಮೇಲೆ ತನ್ನಿ, ಆಮೇಲೆ ತಿರುಗಿ. ಸೊಂಟ, ಭುಜ, ಮೊಣಕೈ, ಮಣಿಕಟ್ಟು, ಇದೇ ಕ್ರಮ. ಕೈ ಮೊದಲು ಓಡಿದರೆ ಸೊಂಟದ ಬಲ ಸುಮ್ನೆ ಹಾಳು.

ಡಿಸ್ಕ್ ಎಡ ಅಂಚು ಕೆಳಗಾಗಿ ಓರೆಯಾಗಿ ಹೋಗಬೇಕೆಂದರೆ ಮಣಿಕಟ್ಟು ಬಗ್ಗಿಸಬೇಡಿ. ಸೊಂಟದಿಂದ ಮುಂದಕ್ಕೆ ಬಾಗಿ. ಆಗ ಭುಜಗಳೂ ಅಷ್ಟೇ ಓರೆಯಾಗುತ್ತವೆ, ಕೈ ಬೆನ್ನುಮೂಳೆಗೆ ಅಡ್ಡವಾಗಿಯೇ ಬೀಸುತ್ತದೆ. ಎಳೆಯುವಾಗ ಡಿಸ್ಕ್ ಎದೆಯ ಹತ್ತಿರ ನೇರವಾಗಿ ಬರಲಿ. ಆದರೆ ಮೇಲ್ತೋಳು ಎದೆಗೆ ಅಂಟಬಾರದು, ನಡುವೆ ಸುಮಾರು 90 ಡಿಗ್ರಿ ಇರಲಿ. ಅಂಟಿದರೆ ಡಿಸ್ಕ್ ಮೈಯನ್ನು ಸುತ್ತಿ ಬರುತ್ತದೆ, ಗುರಿಯೂ ತಪ್ಪುತ್ತದೆ.

ವಿಜಯಪುರದ ಕಡೆ ಎರೆ ಹೊಲದಲ್ಲಿ ಆಡುತ್ತೀರಿ ಎಂದಿದ್ದೀರಿ. ಮಳೆ ಬಿದ್ದ ಮೇಲೆ ಅಲ್ಲಿ ಬೇಡ. ಡಿಸ್ಕ್ ಕೈ ಬಿಟ್ಟ ಮೇಲೆ ಬಲಗಾಲು ಹಿಮ್ಮಡಿ ಮೇಲೆ ತಿರುಗಲೇಬೇಕು. ಎರೆ ಮಣ್ಣು ಬೂಟನ್ನು ಹಿಡಿದುಕೊಂಡರೆ ತಿರುಚೆಲ್ಲ ಮೊಣಕಾಲಿಗೆ ಬೀಳುತ್ತದೆ. ಒಣಗಿದ ಗಟ್ಟಿ ನೆಲದಲ್ಲಿ, ಓಡದೆ ನಿಂತಲ್ಲಿಂದಲೇ ಅರ್ಧ ಬಲದಲ್ಲಿ ಎಸೆಯಿರಿ. ಎಸೆಯುವ ದಿಕ್ಕಿನ ಪಕ್ಕದಿಂದ ಮೊಬೈಲಲ್ಲಿ ವಿಡಿಯೊ ಮಾಡಿಸಿ. ಡಿಸ್ಕ್ ಕೈ ಬಿಡುವ ಹೊತ್ತಿಗೆ ತಲೆ ಬಲಗಾಲಿನ ಮೇಲಿದೆಯೋ ಹಿಂದೆ ಉಳಿದಿದೆಯೋ, ಅದರಲ್ಲಿ ಕಾಣುತ್ತದೆ.