ಮೆದುಳಿಲ್ಲದ ಬ್ಯಾಕ್ಟೀರಿಯಾ ಆಹಾರದ ಕಡೆಗೆ ಹೇಗೆ ಹೋಗುತ್ತದೆ?

ನೀವು ಕೇಳಿರುವುದು ಇದು: ಬ್ಯಾಕ್ಟೀರಿಯಾಕ್ಕೆ ಕಣ್ಣಿಲ್ಲ, ಮೆದುಳಿಲ್ಲ. ಆದರೂ ಆಹಾರ ಇರುವ ಕಡೆಗೇ ಈಜಿಕೊಂಡು ಹೋಗುತ್ತದೆ ಅಂತ ಮಗಳ ಪುಸ್ತಕದಲ್ಲಿದೆ. ದಾರಿ ಹೇಗೆ ಗೊತ್ತಾಗುತ್ತದೆ? ಅದೂ ಜೀನ್‌ನಲ್ಲೇ ಬರೆದಿರುತ್ತದಾ?

ದಾರಿ ಅದಕ್ಕೆ ಗೊತ್ತಾಗುವುದೇ ಇಲ್ಲ. ಯಾವ ಕಡೆಗೆ ತಿರುಗಬೇಕು ಅನ್ನುವುದು ಅದರ ಕೈಯಲ್ಲಿಲ್ಲ. ಯಾವಾಗ ತಿರುಗಬೇಕು ಅನ್ನುವುದಷ್ಟೇ ಅದರ ಹಿಡಿತದಲ್ಲಿದೆ. ಅಷ್ಟನ್ನೇ ಇಟ್ಟುಕೊಂಡು ಅದು ಆಹಾರದ ಹತ್ತಿರ ಬಂದು ಸೇರುತ್ತದೆ. ನಾನು ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಹೇಳಿಕೊಡುತ್ತೇನೆ. ಎಲ್ಲ ಬ್ಯಾಕ್ಟೀರಿಯಾಗಳನ್ನೂ ಒಂದೇ ಉತ್ತರದಲ್ಲಿ ತುರುಕಲು ಹೋದರೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಹಾಗಾಗಿ ನಮ್ಮೆಲ್ಲರ ಕರುಳಲ್ಲೂ ಇರುವ ಇ. ಕೋಲಿಯನ್ನೇ ಹಿಡಿದುಕೊಂಡು ಹೇಳುತ್ತೇನೆ.

ಇದರ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗ. ಒಳಗೆ ನ್ಯೂಕ್ಲಿಯಸ್ ಇಲ್ಲ. ಡಿಎನ್ಎ ಒಂದೇ ದೊಡ್ಡ ಉಂಗುರವಾಗಿ ಮುದುಡಿಕೊಂಡು ಕೂತಿರುತ್ತದೆ. ಅದನ್ನು ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರ್ ಆಗುತ್ತದೆ! ಅದರಲ್ಲಿ ಸುಮಾರು 46 ಲಕ್ಷ ಅಕ್ಷರಗಳು, 4,300ರಷ್ಟು ಜೀನ್‌ಗಳು. ಇವುಗಳಲ್ಲಿ ಸುಮಾರು ಐವತ್ತು ಜೀನ್‌ಗಳು ಬರೀ ಈಜುವ ಕೆಲಸಕ್ಕೇ ಮೀಸಲು.

ಈಜಲು ಬೇಕಾದ ಎಳೆಗೆ ಫ್ಲಾಜೆಲ್ಲಂ ಅಂತಾರೆ. ಒಂದೊಂದು ಇ. ಕೋಲಿಗೂ ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ. ಮೈಗಿಂತ ಎಷ್ಟೋ ಉದ್ದ, ಸುರುಳಿ ಆಕಾರ, ಒಳಗೆ ಟೊಳ್ಳು. ಬೆಳೆಯುವ ರೀತಿ ನನಗಂತೂ ತುಂಬಾ ಇಷ್ಟ. ಫ್ಲಾಜೆಲಿನ್ ಅನ್ನುವ ಪ್ರೋಟೀನು ಜೀವಕೋಶದ ಒಳಗೆ ತಯಾರಾಗಿ, ಆ ಟೊಳ್ಳಿನಲ್ಲೇ ತೂರಿಕೊಂಡು ಹೋಗಿ, ಆ ಕಡೆಯ ತುದಿಯಲ್ಲಿ ಸೇರಿಕೊಳ್ಳುತ್ತದೆ. ಎಳೆ ಹೊರತುದಿಯಲ್ಲೇ ಉದ್ದವಾಗುತ್ತಾ ಹೋಗುತ್ತದೆ.

ಇದು ಬಾಲದ ಹಾಗೆ ಬಡಿಯುವುದಿಲ್ಲ, ಗಿರಗಿರ ತಿರುಗುತ್ತದೆ. ತುಂಬಾ ಜನ ಇದನ್ನು ನಂಬುವುದೇ ಇಲ್ಲ. 1973ರವರೆಗೆ ವಿಜ್ಞಾನಿಗಳಲ್ಲೂ ಹೆಚ್ಚಿನವರು ನಂಬಿರಲಿಲ್ಲ ಬಿಡಿ. ಆ ವರ್ಷ ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ಇದು ತಿರುಗಲೇಬೇಕು ಅಂತ ವಾದಿಸಿದರು. ಮರುವರ್ಷ ಮೈಕಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಫ್ಲಾಜೆಲ್ಲಂ ಅನ್ನು ಗಾಜಿಗೆ ಅಂಟಿಸಿ ನೋಡಿದರು. ಎಳೆ ಅಲ್ಲಾಡದ ಹಾಗೆ ಹಿಡಿದಿಟ್ಟಾಗ ಬ್ಯಾಕ್ಟೀರಿಯಾದ ಇಡೀ ಮೈಯೇ ಸುತ್ತತೊಡಗಿತು! ಬುಡದಲ್ಲಿ ನಿಜವಾಗಿಯೂ ಒಂದು ಮೋಟಾರ್ ಇದೆ. ಹೊರಗಿನಿಂದ ಒಳಕ್ಕೆ ಹರಿದು ಬರುವ ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ ಅಯಾನುಗಳು, ಅದನ್ನು ಓಡಿಸುತ್ತವೆ. ಸೆಕೆಂಡಿಗೆ ನೂರು ಸುತ್ತು ಅದಕ್ಕೆ ಮಾಮೂಲು.

ಅಷ್ಟು ಚಿಕ್ಕ ಜೀವಿಗೆ ನೀರು ನಮಗಿರುವ ಹಾಗೆ ಇರುವುದಿಲ್ಲ. ನಾವು ಜೋನಿಬೆಲ್ಲದ ಹೊಂಡದಲ್ಲಿ ಈಜಬೇಕಾಗಿ ಬಂದರೆ ಹೇಗೋ ಹಾಗೆ. ಮೋಟಾರ್ ನಿಂತ ಕ್ಷಣವೇ ಬ್ಯಾಕ್ಟೀರಿಯಾವೂ ನಿಲ್ಲುತ್ತದೆ. ನಿಲ್ಲುವ ಮೊದಲು ಅದು ಜಾರುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಅಂಥದ್ದರಲ್ಲೂ ಸೆಕೆಂಡಿಗೆ 20-30 ಮೈಕ್ರೋಮೀಟರ್ ಹೋಗುತ್ತದೆ, ತನ್ನ ಮೈಯುದ್ದದ ಹತ್ತು ಪಟ್ಟಿಗಿಂತ ಜಾಸ್ತಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬರ್ಗ್ ಈಜುವ ಬ್ಯಾಕ್ಟೀರಿಯಾವನ್ನು ಮೂರೂ ದಿಕ್ಕಿನಲ್ಲಿ ಬೆನ್ನುಹತ್ತುವ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಅದರಲ್ಲಿ ಕಂಡದ್ದನ್ನು 1972ರಲ್ಲಿ ಡಗ್ಲಸ್ ಬ್ರೌನ್ ಜೊತೆ ಪ್ರಕಟಿಸಿದರು. ಈಗ ನಮಗೆ ಗೊತ್ತಿರುವ ಹಾಗೆ, ಮೋಟಾರ್‌ಗಳು ಅಪ್ರದಕ್ಷಿಣವಾಗಿ ತಿರುಗುವಾಗ ಎಳೆಗಳೆಲ್ಲ ಒಂದೇ ಕಟ್ಟಾಗಿ ಸೇರಿ, ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ನೇರವಾಗಿ ಓಡುತ್ತದೆ. ಸುಮಾರು ಒಂದು ಸೆಕೆಂಡ್. ಆಮೇಲೆ ಒಂದೆರಡು ಮೋಟಾರ್ ಉಲ್ಟಾ ತಿರುಗುತ್ತವೆ, ಕಟ್ಟು ಬಿಚ್ಚಿಹೋಗುತ್ತದೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಇದ್ದಲ್ಲೇ ಹೊರಳಾಡುತ್ತದೆ. ಮತ್ತೆ ಓಟ. ಮುಂದಿನ ಓಟ ಯಾವ ದಿಕ್ಕಿಗೆ ಅನ್ನುವುದು ಬಹುಮಟ್ಟಿಗೆ ಅದೃಷ್ಟಕ್ಕೆ ಬಿಟ್ಟದ್ದು.

ಓಡುತ್ತಾ ಓಡುತ್ತಾ ಆಹಾರ ಜಾಸ್ತಿಯಾದರೆ ಹೊರಳುವುದನ್ನು ಮುಂದಕ್ಕೆ ಹಾಕುತ್ತದೆ, ಓಟ ಉದ್ದವಾಗುತ್ತದೆ. ಕಮ್ಮಿಯಾದರೆ? ಹೆಚ್ಚೇನೂ ಮಾಡುವುದಿಲ್ಲ, ಮಾಮೂಲಿ ಹೊತ್ತಿಗೆ ಹೊರಳುತ್ತದೆ. ಒಳ್ಳೆಯ ಕಡೆಗಿನ ಓಟಗಳು ಉದ್ದ, ಉಳಿದವು ಗಿಡ್ಡ. ಕೂಡಿಸಿ ಕಳೆದರೆ ಆಹಾರದ ಕಡೆಗೇ ಸರಿದಿರುತ್ತದೆ.

ಆದರೆ ಜಾಸ್ತಿಯಾಯಿತು ಅಂತ ತಿಳಿಯುವುದು ಹೇಗೆ? ಮೈಯ ಆ ತುದಿಗೂ ಈ ತುದಿಗೂ ಹೋಲಿಸಿ ನೋಡುತ್ತದೆ ಅಂತ ಯಾರಿಗಾದರೂ ಅನಿಸಬಹುದು. ಹಾಗಲ್ಲ. 1972ರಲ್ಲೇ ಬರ್ಕ್ಲಿಯಲ್ಲಿ ರಾಬರ್ಟ್ ಮ್ಯಾಕ್ನಾಬ್ ಮತ್ತು ಡೇನಿಯಲ್ ಕಾಶ್‌ಲಂಡ್ ಒಂದು ಜಾಣ ಪ್ರಯೋಗ ಮಾಡಿದರು. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ಅದಕ್ಕೆ ಇಷ್ಟವಾದ ಸೆರೀನ್ ಎಂಬ ಅಮೈನೋ ಆಮ್ಲ ಸೇರಿಸಿ ಥಟ್ಟನೆ ಬೆರೆಸಿಬಿಟ್ಟರು. ಈಗ ಎಲ್ಲ ಕಡೆಯೂ ಒಂದೇ ಸಮ, ಆ ತುದಿ ಈ ತುದಿ ಅಂತ ವ್ಯತ್ಯಾಸವೇ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಸ್ವಲ್ಪ ಹೊತ್ತು ಹೊರಳದೆ ನೇರವಾಗಿ ಓಡಿದವು. ಅಂದರೆ ಅವು ಹೋಲಿಸುವುದು ಜಾಗಗಳನ್ನಲ್ಲ, ಸಮಯವನ್ನು. ಈಗ ಎಷ್ಟಿದೆ, ಕೆಲವು ಸೆಕೆಂಡಿನ ಹಿಂದೆ ಎಷ್ಟಿತ್ತು? ಹೀಗೆ ಹೋಲಿಸಬೇಕಾದರೆ ನೆನಪು ಬೇಕಲ್ವಾ? ನೆನಪಿದೆ.

ಮೈಮೇಲೆ ಆಹಾರದ ಅಣುಗಳನ್ನು ಹಿಡಿಯುವ ರಿಸೆಪ್ಟರ್‌ಗಳು ಗುಂಪಾಗಿರುತ್ತವೆ. ಅವುಗಳ ಕೆಳಗೆ ಕೀ-ಎ ಅನ್ನುವ ಪ್ರೋಟೀನು. ಅದು ಕೀ-ವೈ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅನ್ನುವ ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸುತ್ತಿರುತ್ತದೆ. ಫಾಸ್ಫೇಟ್ ಹೊತ್ತ ಕೀ-ವೈ ಮೋಟಾರ್‌ಗೆ ಹೋಗಿ ಅಂಟಿದರೆ ಮೋಟಾರ್ ಉಲ್ಟಾ ತಿರುಗುವ ಸಾಧ್ಯತೆ ಹೆಚ್ಚುತ್ತದೆ. ಆಹಾರ ಸಿಕ್ಕಿದಾಗ ಕೀ-ಎ ಸುಮ್ಮನಾಗುತ್ತದೆ, ಉಲ್ಟಾ ತಿರುಗುವುದು ಕಡಿಮೆಯಾಗುತ್ತದೆ, ಓಟ ಮುಂದುವರಿಯುತ್ತದೆ. ಇದೆಲ್ಲ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ನಡೆಯುತ್ತದೆ. ಇದರ ಜೊತೆಗೇ ಕೀ-ಆರ್ ಎಂಬ ಪ್ರೋಟೀನು ರಿಸೆಪ್ಟರ್‌ಗೆ ಮೀಥೈಲ್ ಅನ್ನುವ ಇನ್ನೊಂದು ಬಗೆಯ ಪುಟ್ಟ ಗುಂಪುಗಳನ್ನು ಸೇರಿಸುತ್ತದೆ, ಕೀ-ಬಿ ಎಂಬ ಪ್ರೋಟೀನು ಅವನ್ನು ತೆಗೆಯುತ್ತದೆ. ಈ ಕೆಲಸ ನಿಧಾನ. ಹಾಗಾಗಿ ಎಷ್ಟು ಮೀಥೈಲ್ ಇದೆ ಅನ್ನುವುದರಲ್ಲಿ ಸ್ವಲ್ಪ ಹೊತ್ತಿನ ಹಿಂದಿನ ಪರಿಸ್ಥಿತಿ ಉಳಿದಿರುತ್ತದೆ. ನೆನಪು ಅಂದರೆ ಅಷ್ಟೇ.

ಜೀನ್‌ನಲ್ಲಿ ಬರೆದಿದೆಯಾ? ಈ ಬಿಡಿಭಾಗಗಳೆಲ್ಲ ಬರೆದಿವೆ, ದಾರಿ ಬರೆದಿಲ್ಲ. ಕೀ-ವೈ ಜೀನ್ ಕೆಟ್ಟ ಬ್ಯಾಕ್ಟೀರಿಯಾ ಸುಮ್ನೆ ನೇರವಾಗಿ ಓಡುತ್ತಲೇ ಇರುತ್ತದೆ. ಫಾಸ್ಫೇಟ್ ಕಿತ್ತುಹಾಕುವ ಕೀ-ಝಡ್ ಕೆಟ್ಟರೆ ಹೊರಳಾಡುವುದೇ ಕೆಲಸ. ಎರಡಕ್ಕೂ ಆಹಾರದ ಕಡೆಗೆ ಸಾಗಲು ಬರುವುದಿಲ್ಲ. ವಿಸ್ಕಾನ್ಸಿನ್‌ನ ಜೂಲಿಯಸ್ ಆಡ್ಲರ್ 1969ರಲ್ಲಿ ಇನ್ನೂ ಸೊಗಸಾದದ್ದನ್ನು ತೋರಿಸಿದರು. ಗ್ಯಾಲಕ್ಟೋಸ್ ಸಕ್ಕರೆಯನ್ನು ಬಳಸಿಕೊಳ್ಳಲಾಗದ ಮ್ಯೂಟೆಂಟ್‌ಗಳೂ (ಜೀನ್ ಬದಲಾದ ಬ್ಯಾಕ್ಟೀರಿಯಾಗಳೂ) ಆ ಸಕ್ಕರೆಯ ಕಡೆಗೇ ಹೋಗುತ್ತಿದ್ದವು. ಅಂದರೆ ಬ್ಯಾಕ್ಟೀರಿಯಾ ಹೊಟ್ಟೆ ತುಂಬಿತು ಅಂತ ಓಡುವುದಲ್ಲ, ಅಣು ತಗುಲಿತು ಅಂತ ಓಡುವುದು. ಇನ್ನೊಂದು ವಿಷಯ: ಜೀನ್‌ಗಳೆಲ್ಲ ಒಂದೇ ಆಗಿರುವ ಬ್ಯಾಕ್ಟೀರಿಯಾಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಒಂದು ಜಾಸ್ತಿ ಹೊರಳುತ್ತದೆ, ಇನ್ನೊಂದು ಕಡಿಮೆ. ಜೀವಕೋಶಕ್ಕೆ ಹಂಚಿಕೆಯಾಗುವ ಪ್ರೋಟೀನುಗಳ ಸಂಖ್ಯೆಯಲ್ಲೇ ಏರುಪೇರಿರುತ್ತದೆ.

ಫ್ಲಾಜೆಲ್ಲಂ ನಿಮಗೆ ಅಪರಿಚಿತವೇನಲ್ಲ. ಟೈಫಾಯಿಡ್ ಅಂತ ವಿಡಾಲ್ ಟೆಸ್ಟ್ ಮಾಡಿಸಿದ್ದರೆ ರಿಪೋರ್ಟಿನಲ್ಲಿ ಓ ಮತ್ತು ಎಚ್ ಅಂತ ಇರುತ್ತದೆ. ಅದರಲ್ಲಿ ಎಚ್ ಅಂದರೆ ಫ್ಲಾಜೆಲ್ಲಂ ವಿರುದ್ಧ ನಮ್ಮ ದೇಹ ತಯಾರಿಸಿದ ಆಂಟಿಬಾಡಿ. ಇಲಿ ಜ್ವರದ ಲೆಪ್ಟೊಸ್ಪೈರಾದಲ್ಲಿ ಫ್ಲಾಜೆಲ್ಲಂ ಹೊರಗೆ ಕಾಣುವುದೇ ಇಲ್ಲ. ಅದು ಹೊರಪೊರೆಯ ಒಳಗಡೆ ತಿರುಗುತ್ತದೆ, ಇಡೀ ಮೈ ಸುರುಳಿಯಾಗಿ ಕೊರೆದುಕೊಂಡು ಹೋಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಫ್ಲಾಜೆಲ್ಲಂ ಇಲ್ಲವೇ ಇಲ್ಲ.

ಮಗಳಿಗೆ ತೋರಿಸಬೇಕು ಅಂತಿದ್ದರೆ ಮೊಸರಿನಿಂದ ಶುರು ಮಾಡಬೇಡಿ. ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ, ಆದರೆ ಮೊಸರು ಮಾಡುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಈಜುವುದಿಲ್ಲ. ಒಣಹುಲ್ಲನ್ನು ಒಂದೆರಡು ದಿನ ನೀರಲ್ಲಿ ನೆನೆಸಿಟ್ಟು, ಆ ನೀರಿನ ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ 40ರ ಲೆನ್ಸ್ ಹಾಕಿ, ಬೆಳಕು ಕಡಿಮೆ ಮಾಡಿ ನೋಡಿ. ಎಲ್ಲವೂ ಇದ್ದಲ್ಲೇ ನಡುಗುತ್ತಿದ್ದರೆ ಅದು ಈಜಲ್ಲ, ನೀರಿನ ಅಣುಗಳು ಗುದ್ದುತ್ತಿರುವುದು. ಎಲ್ಲವೂ ಒಂದೇ ಕಡೆಗೆ ತೇಲುತ್ತಿದ್ದರೆ ಹನಿ ಹರಿಯುತ್ತಿದೆ. ಪಕ್ಕಪಕ್ಕದಲ್ಲಿರುವ ಎರಡು ಕಡ್ಡಿಗಳು ಬೇರೆ ಬೇರೆ ದಿಕ್ಕಿಗೆ ಸರ್ರನೆ ಹೋದರೆ ಅದು ಈಜು. ನೋಡಿಯಾದ ಮೇಲೆ ಕೈ ಸೋಪಿನಲ್ಲಿ ತೊಳೆಯಲು ಹೇಳಿ.