ಮೊದಲ ಅಧ್ಯಾಯವನ್ನು ಸದ್ಯಕ್ಕೆ ಬಿಟ್ಟುಬಿಡಿ

ಆತ್ಮೀಯ ಓದುಗರೆ,

ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರದಿಂದ ನೀವು ಬರೆದ ಪತ್ರವೂ ಜೊತೆಗಿದ್ದ ಹಾಳೆಗಳೂ ತಲುಪಿವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ನಿಮ್ಮೂರನ್ನು ಕುರಿತು ಎರಡು ವರ್ಷಗಳಿಂದ ಕಾದಂಬರಿ ಬರೆಯುತ್ತಿರುವುದಾಗಿಯೂ, ಮೊದಲ ಅಧ್ಯಾಯವನ್ನು ಒಂಬತ್ತು ಸಲ ತಿದ್ದಿದರೂ ಮೂರನೆಯದನ್ನು ದಾಟಲಾಗಿಲ್ಲವೆಂದೂ, ಊರು ಬಿಟ್ಟ ವರ್ಷವನ್ನು ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುವುದರಿಂದ ಬರವಣಿಗೆ ನಿಂತೇಹೋಗಿದೆಯೆಂದೂ ತಿಳಿಸಿದ್ದೀರಿ.

ಮೊದಲ ಅಧ್ಯಾಯದ ಹಳೆಯ ಮತ್ತು ಹೊಸ ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಹಳೆಯದರಲ್ಲಿ, ಮನೆಯ ಜಂತಿ, ತೊಲೆ, ಬಾಗಿಲು, ಹೊಸ್ತಿಲುಗಳನ್ನೆಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದ ಮೇಲೆ ಕೊನೆಯ ಸಲ ಒಳಗೆ ಹೋಗಿ ಬರುವ ಆಯಿ, ಅಲ್ಲಿ ಈಗ ಇಲ್ಲದ ಹೊಸ್ತಿಲನ್ನು ರೂಢಿಯಂತೆ ಕಾಲೆತ್ತಿ ದಾಟುತ್ತಾಳೆ. ಒಂಬತ್ತನೆಯ ಪ್ರತಿಯಲ್ಲಿ ಆ ವಾಕ್ಯವಿಲ್ಲ. ಅದರ ಜಾಗದಲ್ಲಿ ಕೃಷ್ಣೆಯನ್ನು ಕುರಿತ ಒಂದು ಪುಟದ ಅಲಂಕಾರವಿದೆ. ನನಗೆ ನಿಜವಾಗಿಯೂ ನೋವಾಯಿತು. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬರೆದು ನೋಡದೆ, ಆರಂಭದಲ್ಲಿ ಯಾವುದು ಇರಬೇಕು, ಯಾವುದು ಬೇಡವೆಂದು ಯಾರಿಗೂ ತೀರ್ಮಾನಿಸಲು ಬರುವುದಿಲ್ಲ. ಆದ್ದರಿಂದ ಆ ಅಧ್ಯಾಯವನ್ನು ಕಟ್ಟಿಡಿ. ಆಯಿಯ ವಾಕ್ಯವನ್ನು ಮಾತ್ರ ಮರಳಿ ಸೇರಿಸಿ.

ಇನ್ನು ವರ್ಷದ ತೊಡಕು. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ನೀರು 519.60 ಮೀಟರ್ ಮಟ್ಟದಲ್ಲಿ ನಿಲ್ಲುವ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು. ನೀರು ಹಂತಹಂತವಾಗಿ ಏರಿದ್ದರಿಂದ ಹೊಳೆದಂಡೆಯ ಮನೆಯವರಿಗೂ ದಿಬ್ಬದ ಮೇಲಿನವರಿಗೂ ಊರು ಮುಳುಗಿದ ವರ್ಷ ಒಂದೇ ಆಗಿರಬೇಕಿಲ್ಲ. ಹಿರಿಯರ ಈ ಭಿನ್ನಮಾತು ನಿಮ್ಮ ಕಾದಂಬರಿಯ ಸಾಮಗ್ರಿಯೇ ಹೌದು. ಪಾತ್ರಗಳು ತಂತಮ್ಮ ವರ್ಷವನ್ನೇ ಹೇಳಿ ಜಗಳವಾಡಲಿ. ಖಚಿತವಾಗಿ ಬೇಕೇ ಬೇಕಾದ ಕಡೆ ಅಂಚಿನಲ್ಲಿ ‘ವರ್ಷ?’ ಎಂದು ಬರೆದು ಮುಂದೆ ಸಾಗಿ. ಅಪ್ಪ ಪರಿಹಾರದ ಅರ್ಜಿ ಬರೆಯುವ ದೃಶ್ಯಕ್ಕೂ ಇದೇ ಮಾತು: ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ, ಅರ್ಜಿಯಲ್ಲಿ ಯಾವ ಜಿಲ್ಲೆಯ ಹೆಸರಿರಬೇಕೆಂಬುದನ್ನು ಎರಡನೆಯ ಕರಡಿನಲ್ಲಿ ಒಂದು ಸಂಜೆ ಕುಳಿತು ಸರಿಪಡಿಸಬಹುದು.

ಭಾಷೆಯ ಬಗ್ಗೆಯೂ ಕೇಳಿದ್ದೀರಿ. ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲೇ ಇರಲಿ, ನಿರೂಪಣೆ ನಿಮಗೆ ಸಲೀಸಾದಂತೆ ಸಾಗಲಿ.

ದಿನಕ್ಕೆ 250 ಪದಗಳಂತೆ ವಾರಕ್ಕೆ ಐದು ದಿನ ಬರೆದರೂ 40 ವಾರಗಳಲ್ಲಿ 50,000 ಪದಗಳಾಗುತ್ತವೆ. ಹಿಂದಿನ ದಿನದ ಕೊನೆಯ ಪ್ಯಾರಾವನ್ನಷ್ಟೇ ಓದಿ ಕೈಹಚ್ಚಿ. ಏಳುವ ಮುನ್ನ ನಾಳೆ ಏನು ನಡೆಯಬೇಕೆಂಬುದನ್ನು ಒಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ಮೂರನೆಯ ಅಧ್ಯಾಯ ಅರ್ಧಕ್ಕೆ ನಿಂತಿದ್ದರೆ ನಿಂತಿರಲಿ. ಟ್ರ್ಯಾಕ್ಟರು ಹೊಸ ಊರಿನ ಖಾಲಿ ನಿವೇಶನದ ಮುಂದೆ ನಿಂತು, ಗೋಡೆಯೇ ಏಳದ ಜಾಗದಲ್ಲಿ ಆ ಬಾಗಿಲನ್ನು ಕೆಳಗಿಳಿಸುವಲ್ಲಿಂದ ನಾಲ್ಕನೆಯದನ್ನು ಈ ವಾರವೇ ಆರಂಭಿಸಿ.

— ಸಂಪಾದಕ