ಕಮಿಟ್ ಎಣಿಸಿ ಹೆಸರು ಹಾಕಬೇಡಿ

ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಕೊಡುಗೆ ಕೊಟ್ಟವರ ಹೆಸರನ್ನು ಕಮಿಟ್ (ಕೋಡ್‌ನ ಇತಿಹಾಸ ಇಡುವ ಗಿಟ್ ಎಂಬ ಸಾಧನದಲ್ಲಿ ದಾಖಲಾಗುವ ಒಂದೊಂದು ಬದಲಾವಣೆ) ಎಣಿಕೆ ಪ್ರಕಾರ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಫೈಲಿನಲ್ಲಿ) ಸಾಲಾಗಿ ಹಾಕಿಬಿಟ್ಟರೆ ಯಾರಿಗೂ ಅನ್ಯಾಯ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಆಗುತ್ತೆ. ನನ್ನ ಪ್ರಾಜೆಕ್ಟ್‌ನಲ್ಲೂ ಇಂಥದ್ದೇ ಪಟ್ಟಿ ಇತ್ತು.

ಅದು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿಯ ಫೈಲ್) ಓದುವ ಚಿಕ್ಕದೊಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡ್. ದೊಡ್ಡ ಫೈಲುಗಳಲ್ಲಿ ಅಪರೂಪಕ್ಕೊಮ್ಮೆ ಒಂದು ಖಾಲಿ ಸಾಲು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು. ಎಷ್ಟು ತಡಕಾಡಿದರೂ ನನ್ನ ಕೈಗೆ ಸಿಗಲಿಲ್ಲ. ಬಳಕೆದಾರರೊಬ್ಬರು ಬಿಡದೆ ಬೆನ್ನು ಹತ್ತಿ, ಫೈಲಿನ ಶುರುವಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿಗೆ ಸೇರಿಸಿದರೆ ಆ ಖಾಲಿ ಸಾಲು ಮಾಯವಾಗುತ್ತದೆ ಅಂತ ಇಶ್ಯೂನಲ್ಲಿ (ಪ್ರಾಜೆಕ್ಟ್‌ನ ದೂರಿನ ಪುಟದಲ್ಲಿ) ಬರೆದರು. ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳಿಗೆ ತಕ್ಷಣ ಹೊಳೆದಿದೆ. ಲೈಬ್ರರಿ ಫೈಲನ್ನು 64 ಕೆಬಿಯ ತುಂಡುಗಳಾಗಿ ಓದುತ್ತಿತ್ತು. ವಿಂಡೋಸ್ ಫೈಲುಗಳಲ್ಲಿ ಸಾಲು ಮುಗಿಯುವುದು ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಅಂತ ಎರಡು ಅಕ್ಷರಗಳಿಂದ. ತುಂಡು ಸರಿಯಾಗಿ ಅವೆರಡರ ನಡುವೆ ಕಡಿದರೆ, ಮೊದಲನೆಯದು ಒಂದು ಸಾಲಿನ ಕೊನೆ, ಎರಡನೆಯದು ಇನ್ನೊಂದು ಸಾಲಿನ ಕೊನೆ ಅಂತ ನನ್ನ ಕೋಡ್ ಎಣಿಸುತ್ತಿತ್ತು. ಹಿಂದಿನ ತುಂಡು ಯಾವುದರಲ್ಲಿ ಮುಗಿಯಿತು ಅಂತ ನೆನಪಿಟ್ಟುಕೊಳ್ಳುವ ಒಂದು ವೇರಿಯಬಲ್, ಒಂದು ಇಫ್ ಷರತ್ತು. ಅವಳ ಪ್ಯಾಚ್, ಅಂದರೆ ಕಳಿಸಿದ ತಿದ್ದುಪಡಿ, ಇಷ್ಟೇ.

ಅವಳ ಬ್ರಾಂಚ್ (ಕೋಡ್‌ನ ಅವಳ ಪ್ರತಿ) ಹಳೆಯದಾಗಿತ್ತು, ಈಗಿನ ಕೋಡ್ ಜೊತೆ ಹೊಂದದೆ ಕಾನ್‌ಫ್ಲಿಕ್ಟ್ ಬಂತು. ರೀಬೇಸ್ ಮಾಡಿ (ಹೊಸ ಕೋಡ್ ಮೇಲೆ ಮತ್ತೆ ಕೂರಿಸಿ) ಅಂತ ಅವಳಿಗೆ ಹೇಳಿ ಕಾಯುವುದಕ್ಕಿಂತ ನಾನೇ ಮಾಡಿ ಮುಗಿಸೋಣ ಅಂತ ಡಿಫ್ (ಬದಲಾದ ಸಾಲುಗಳ ಫೈಲ್) ಇಳಿಸಿಕೊಂಡೆ, ಅದನ್ನು ಕೋಡ್‌ಗೆ ಸೇರಿಸುವ ಗಿಟ್ ಅಪ್ಲೈ ಆದೇಶ ಕೊಟ್ಟೆ, ಸಿಕ್ಕಿಕೊಂಡ ಕಡೆ ಕೈಯಿಂದ ಸರಿಮಾಡಿದೆ, ಒಂದು ಟೆಸ್ಟ್ ಸೇರಿಸಿ ಕಮಿಟ್ ಮಾಡಿದೆ. ಅವಳ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ) "ಥ್ಯಾಂಕ್ಸ್, ಸೇರಿಸಿದ್ದೇನೆ" ಅಂತ ಬರೆದು ಮುಚ್ಚಿದೆ.

ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟ್ ಪ್ರತಿ ಕಮಿಟ್‌ಗೂ ಎರಡು ಹೆಸರು ಇಟ್ಟುಕೊಳ್ಳುತ್ತದೆ: ಬರೆದವರು ಆಥರ್, ಸೇರಿಸಿದವರು ಕಮಿಟರ್. ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಪ್ಯಾಚುಗಳು ಇಮೇಲಿನಲ್ಲಿ ಬರುತ್ತವೆ, ಬರೆಯುವವರು ಒಬ್ಬರು, ಸೇರಿಸುವವರು ಇನ್ನೊಬ್ಬರು. 2005ರಲ್ಲಿ ಗಿಟ್ ಹುಟ್ಟಿದ್ದೇ ಆ ಕೆಲಸಕ್ಕೆ, ಹಾಗಾಗಿ ಈ ಎರಡು ಖಾನೆ. ಗಿಟ್ ಪ್ರಾಜೆಕ್ಟುಗಳನ್ನು ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ವಿಳಾಸದ ಕೊನೆಗೆ ಡಾಟ್ ಪ್ಯಾಚ್ ಅಂತ ಸೇರಿಸಿದರೆ ಸಿಗುವ ಫೈಲಿನ ತಲೆಯಲ್ಲೇ ಫ್ರಮ್ ಅಂತ ಒಂದು ಸಾಲಿರುತ್ತದೆ, ಅದರಲ್ಲಿ ಬರೆದವರ ಹೆಸರು, ಇಮೇಲ್. ಗಿಟ್ ಎಎಮ್ ಆದೇಶ ಅದನ್ನು ಓದಿ ಆಥರ್ ಖಾನೆ ತುಂಬುತ್ತದೆ. ಡಾಟ್ ಡಿಫ್ ಅಂತ ಸೇರಿಸಿದರೆ ಬರೀ ಬದಲಾದ ಸಾಲುಗಳು ಬರುತ್ತವೆ, ಯಾರು ಬರೆದದ್ದೆಂಬ ಸುಳಿವೇ ಇರಲ್ಲ. ಅದಕ್ಕೆ ಗಿಟ್ ಅಪ್ಲೈ ಕೊಟ್ಟು ನಾನು ಕಮಿಟ್ ಒತ್ತಿದಾಗ ಎರಡೂ ಖಾನೆಯಲ್ಲಿ ನನ್ನ ಹೆಸರೇ ಕೂತಿತು. ಅವಳ ಪುಲ್ ರಿಕ್ವೆಸ್ಟ್ ಮೇಲೆ ನೇರಳೆ ಬಣ್ಣದ ಮರ್ಜ್ಡ್ (ಸೇರಿಸಲಾಗಿದೆ) ಬರಬೇಕಿತ್ತು, ಕೆಂಪು ಬಣ್ಣದ ಕ್ಲೋಸ್ಡ್ (ಮುಚ್ಚಲಾಗಿದೆ) ಬಂತು. ಹೊರಗಿನವರು ನೋಡಿದರೆ ತಿರಸ್ಕಾರವಾದ ಪ್ಯಾಚ್ ಅಂತಲೇ ಅಂದುಕೊಳ್ಳುತ್ತಾರೆ.

ಕೆಲವು ತಿಂಗಳಾದ ಮೇಲೆ ಅವಳ ಮೇಲ್ ಬಂತು. ಕೆಲಸದ ಸಂದರ್ಶನದಲ್ಲಿ ಈ ಬಗ್ ಬಗ್ಗೆ ಹೇಳಿದ್ದಾಳೆ. ಅಲ್ಲಿದ್ದವರು ಆ ಫೈಲ್ ತೆರೆದು ಬ್ಲೇಮ್ (ಯಾವ ಸಾಲು ಯಾರು ಬರೆದದ್ದೆಂದು ಗಿಟ್ ತೋರಿಸುವ ನೋಟ) ನೋಡಿದ್ದಾರೆ. "ಇದು ಬೇರೆಯವರ ಕೋಡ್ ಅಲ್ವಾ ಅಂದರು ಸರ್, ನಾನು ಏನು ಹೇಳಬೇಕಿತ್ತು?" ಅಷ್ಟೇ ಕೇಳಿದ್ದಳು. ಬೈದಿದ್ದರೆ ವಾಸಿಯಿತ್ತು.

ಆವತ್ತು ರೀಡ್‌ಮಿ ತೆರೆದು ನೋಡಿದೆ. ಗಿಟ್ ಶಾರ್ಟ್‌ಲಾಗ್ ಆದೇಶ ಎಣಿಸಿಕೊಟ್ಟ ಪಟ್ಟಿಯಲ್ಲಿ ಮೊದಲು ನಾನು. ಎರಡನೆಯವರು ಕಾಗುಣಿತ ತಪ್ಪುಗಳನ್ನು ಒಂದೊಂದು ಫೈಲಿಗೆ ಒಂದೊಂದು ಕಮಿಟ್ ಮಾಡಿ ತಿದ್ದಿದವರು. ಅವರ ಮೇಲೆ ನನಗೆ ಸಿಟ್ಟೇನಿಲ್ಲ, ಕೆಲಸ ಮಾಡಿದ್ದಾರೆ. ಆದರೆ ಲೈಬ್ರರಿಯ ಅತಿ ಕೆಟ್ಟ ಬಗ್ ಹಿಡಿದ ಇಬ್ಬರ ಹೆಸರೂ ಅಲ್ಲಿರಲಿಲ್ಲ. ಒಬ್ಬಳ ಕಮಿಟ್ ನನ್ನ ಲೆಕ್ಕಕ್ಕೆ ಜಮೆಯಾಗಿತ್ತು, ಇನ್ನೊಬ್ಬರು ಕಮಿಟ್ಟೇ ಮಾಡಿರಲಿಲ್ಲ.

ಹಳೆಯ ಇತಿಹಾಸ ತಿದ್ದಲು ಹೋಗಬೇಡಿ. ಅಲ್ಲಿಂದ ಮುಂದಿನ ಪ್ರತಿ ಕಮಿಟ್‌ನ ಹ್ಯಾಶ್ (ಅದರ ಗುರುತು) ಬದಲಾಗಿ ಫೋರ್ಕ್ (ಪ್ರಾಜೆಕ್ಟ್‌ನ ತಮ್ಮದೇ ಪ್ರತಿ) ಇಟ್ಟುಕೊಂಡವರೆಲ್ಲ ಶಾಪ ಹಾಕುತ್ತಾರೆ. ಮೇಲ್‌ಮ್ಯಾಪ್ ಫೈಲ್ ಇದಕ್ಕೆ ಬರಲ್ಲ, ಅದು ಒಬ್ಬರ ಹಲವು ಇಮೇಲುಗಳನ್ನು ಒಂದು ಮಾಡುವುದಕ್ಕೆ. ನಾನು ಮಾಡಿದ್ದು: ನನ್ನ ಕಮಿಟ್ ರಿವರ್ಟ್ ಮಾಡಿ (ಹೊಸ ಕಮಿಟ್‌ನಿಂದ ರದ್ದು ಮಾಡಿ), ಅದೇ ಬದಲಾವಣೆಯನ್ನು ಅವಳನ್ನು ಆಥರ್ ಅಂತ ಕೊಟ್ಟು ಮತ್ತೆ ಸೇರಿಸಿ, ಕಾರಣವನ್ನು ಕಮಿಟ್ ಸಂದೇಶದಲ್ಲೇ ಬರೆದೆ. ಈಗ ಬ್ಲೇಮ್ ಅವಳ ಹೆಸರು ತೋರಿಸುತ್ತದೆ. ಆ ಸಂದರ್ಶನ ಮಾತ್ರ ಮುಗಿದುಹೋಗಿತ್ತು, ಅವಳು ಮತ್ತೆ ಪ್ಯಾಚ್ ಕಳಿಸಲೂ ಇಲ್ಲ.

ಹಾಗಾಗಿ ನಿಮ್ಮ ಪಟ್ಟಿಯ ಕ್ರಮ ಯಾವುದಿರಬೇಕು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅಕಾರಾದಿಯಾಗಿ ಹಾಕಿ, ಎಣಿಕೆ ತೆಗೆಯಿರಿ, ಅಲ್ಲಿಗೆ ಮುಗಿಯಿತು. ಕಣ್ಣಿಡಬೇಕಾದ್ದು ಮರ್ಜ್ ಮಾಡುವ ಗಳಿಗೆಯಲ್ಲಿ. ಬೇರೆಯವರ ಪ್ಯಾಚ್ ತಿದ್ದಿ ಸೇರಿಸುತ್ತಿದ್ದರೆ ಆಥರ್ ಅವರೇ ಇರಲಿ, ನೀವು ಬೇಕಾದರೆ ಕೋ-ಆಥರ್ಡ್-ಬೈ (ಜೊತೆಗೆ ಬರೆದವರು) ಸಾಲಿನಲ್ಲಿ ಸೇರಿಕೊಳ್ಳಿ. ಆ ಸಾಲು ಸಂದೇಶದ ಕೊನೆಯಲ್ಲಿ, ಒಂದು ಖಾಲಿ ಸಾಲು ಬಿಟ್ಟು ಇರಬೇಕು, ಇಮೇಲ್ ಆ ಸಾಲಿನಲ್ಲಿ ಹೆಸರಿರುವವರ ಗಿಟ್‌ಹಬ್ ಖಾತೆಯಲ್ಲಿರುವುದೇ ಆಗಬೇಕು, ಇಲ್ಲದಿದ್ದರೆ ಗಿಟ್‌ಹಬ್ ಗುರುತಿಸಲ್ಲ. ಹಲವು ಕಮಿಟ್‌ಗಳನ್ನು ಒಂದು ಮಾಡಿ ಸೇರಿಸುವ ಗಿಟ್‌ಹಬ್‌ನ ಸ್ಕ್ವಾಶ್ ಬಟನ್ ಬರೆದವರ ಹೆಸರು ಉಳಿಸುತ್ತದೆ. ನಿಮ್ಮ ಯಂತ್ರದಲ್ಲಿ ನೀವೇ ಗಿಟ್ ಮರ್ಜ್ ಸ್ಕ್ವಾಶ್ ಕೊಟ್ಟು ಕಮಿಟ್ ಮಾಡಿದರೆ ಉಳಿಯಲ್ಲ, ನನಗೆ ಆದದ್ದೇ ನಿಮಗೂ ಆಗುತ್ತದೆ.

ಬಗ್ ಹುಡುಕಿಕೊಟ್ಟವರಿಗೆ ಕರ್ನಲ್‌ನವರು ರಿಪೋರ್ಟೆಡ್-ಬೈ, ಪರೀಕ್ಷಿಸಿದವರಿಗೆ ಟೆಸ್ಟೆಡ್-ಬೈ ಅಂತ ಬರೆಯುತ್ತಾರೆ. ಕಣ್ಣುಮುಚ್ಚಿ ನಕಲು ಮಾಡಿ. ಸೈನ್ಡ್-ಆಫ್-ಬೈ ಮಾತ್ರ ಬೇರೆ, 2004ರಲ್ಲಿ ಬಂದ ಅದು ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನುವ ಸಹಿ. ಅದನ್ನು ಹಾಕಿಸಿಕೊಂಡು ಕ್ರೆಡಿಟ್ ಕೊಟ್ಟೆವು ಅನ್ನುವವರನ್ನೂ ನೋಡಿದ್ದೇನೆ. ದಾಖಲೆ, ಅನುವಾದ, ಪ್ರಶ್ನೆಗೆ ಉತ್ತರ ಕೊಟ್ಟವರಿಗೆಲ್ಲ ಕೋಡ್ ಅಲ್ಲದ ಕೊಡುಗೆಯನ್ನೂ ಪಟ್ಟಿ ಮಾಡುವ ಆಲ್ ಕಾಂಟ್ರಿಬ್ಯೂಟರ್ಸ್ ಪದ್ಧತಿ ಚೆನ್ನಾಗಿದೆ, ಯಾವ ಬಗೆಯ ಕೊಡುಗೆ ಅಂತ ತೋರಿಸುವ ಅದರ ಇಮೋಜಿ ಸಾಲು ನನಗೆ ಹಿಡಿಸಲ್ಲ ಅಷ್ಟೇ.

ಇನ್ನೊಂದು. ಒಂದು ಅಕ್ಷರದ ಸುಳಿವು ಕೊಟ್ಟ ಆ ಬಳಕೆದಾರರ ನಿಜವಾದ ಹೆಸರನ್ನು ಕ್ರೆಡಿಟ್ಸ್ ಫೈಲಿಗೆ ಹಾಕಲು ಹೊರಟಿದ್ದೆ, ಪುಣ್ಯಕ್ಕೆ ಮೊದಲು ಕೇಳಿದೆ. ಬೇಡ, ಯೂಸರ್‌ನೇಮ್ ಸಾಕು ಅಂದರು, ಕಾರಣ ನಾನು ಕೇಳಲಿಲ್ಲ. ಕಮಿಟ್‌ಗೆ ಒಮ್ಮೆ ಸೇರಿದ ಹೆಸರು, ಇಮೇಲ್ ಸುಲಭಕ್ಕೆ ಹೊರಗೆ ಬರಲ್ಲ. ನಿಮ್ಮ ಪಟ್ಟಿಯಲ್ಲಿರುವವರಿಗೂ ಮುಂದಿನ ರಿಲೀಸ್‌ಗೆ ಮುಂಚೆ ಒಂದು ಮೆಸೇಜ್ ಹಾಕಿ, ಯಾವ ಹೆಸರು, ಯಾವ ಇಮೇಲ್, ಹಾಕಲೋ ಬೇಡವೋ ಅಂತ.